ಮುಂದಿನ ವಾರದ ಚಳಿ: ಹವ್ಯಾಸಿಯ ಮಾತನ್ನು ಎಷ್ಟರಮಟ್ಟಿಗೆ ನಂಬಬಹುದು?

(ವ್ಯವಸಾಯದ ಇನ್‌ಸ್ಪೆಕ್ಟರೊಬ್ಬರ ಅಭಿಪ್ರಾಯ)

ಕಳೆದ ಮಾಗಿಯ ಕಾಲದಲ್ಲಿ, ಸಂಕ್ರಾಂತಿಗೆ ಇನ್ನೂ ಹತ್ತು ಹನ್ನೆರಡು ದಿವಸಗಳಿರುವಾಗ, ಅಜ್ಜಂಪುರದಿಂದ ಕಡೂರಿಗೆ ಬರುವ ಹಾದಿಯ ಗ್ರಾಮವೊಂದರಲ್ಲಿ, ಸಹಕಾರ ಸಂಘದ ಜಗುಲಿಗೆ ತೂಗುಹಾಕಿದ್ದ ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಿಂದ ಬರೆದಿದ್ದ ಮೂರು ಪಂಕ್ತಿಗಳನ್ನು ಓದಿದೆನು. "ಬರುವ ಸೋಮವಾರದಿಂದ ಎಂಟು ದಿವಸ ಕಡುಚಳಿ. ಮಂಜು ಬೀಳುವ ಸಂಭವ ಹೆಚ್ಚು. ರೈತರು ಎಚ್ಚರದಿಂದಿರತಕ್ಕದ್ದು" ಎಂಬುದೇ ಅದರ ಒಕ್ಕಣೆ. ಬರೆದವರು ಆ ಊರಿನ ನಿವೃತ್ತ ಉಪಾಧ್ಯಾಯರು. ಅವರು ಸರ್ಕಾರದ ಯಾವ ಹವಾ ಇಲಾಖೆಗೂ ಸೇರಿದವರಲ್ಲ. ಆಕಾಶವನ್ನು ನೋಡುವುದರಲ್ಲಿ ಆಸಕ್ತಿಯುಳ್ಳವರು, ಅಷ್ಟೆ. ಅವರ ಹೆಸರನ್ನು ಇಲ್ಲಿ ಹೇಳುವುದು ಉಚಿತವಲ್ಲವಾದುದರಿಂದ ಮೇಷ್ಟ್ರು ಎಂದು ಮಾತ್ರ ಕರೆಯುತ್ತೇನೆ.

ಹಲಗೆಯ ಮೇಲಿನ ಮಾತು ಹಲಗೆಯಲ್ಲಿಯೇ ಉಳಿದಿದ್ದರೆ ಈ ಲೇಖನವನ್ನು ಬರೆಯುವ ಪ್ರಮೇಯವಿರಲಿಲ್ಲ. ಈಗಿನ ಕಾಲದಲ್ಲಿ ಪ್ರತಿಯೊಬ್ಬರ ಜೇಬಿನಲ್ಲಿಯೂ ಮೊಬೈಲ್ ಇರುವುದಷ್ಟೆ. ಆ ಮೂರು ಪಂಕ್ತಿಗಳು ಸಂಜೆಯೊಳಗೆ ಶಿವನಿಯನ್ನು ಮುಟ್ಟಿ, ಮಾರನೆಯ ದಿನ ತರೀಕೆರೆಯನ್ನು ದಾಟಿ ಲಿಂಗದಹಳ್ಳಿಗೆ ಬರುವಷ್ಟರಲ್ಲಿ "ಮಂಜು" ಎಂಬುದು "ಹಿಮ"ವಾಗಿತ್ತು. ಜತೆಗೆ ನೆಲವೆಲ್ಲ ಬೆಳ್ಳಗೆ ಕಾಣುವ ಒಂದು ಛಾಯಾಚಿತ್ರವೂ ಅಂಟಿಕೊಂಡಿತ್ತು. ಆ ಚಿತ್ರವನ್ನು ನಾನು ನೋಡಿದೆನು. ಅದು ಹಿಮವಲ್ಲ, ಬೇಸಗೆಯ ಗುಡುಗುಮಳೆಯಲ್ಲಿ ಬಿದ್ದ ಆಲಿಕಲ್ಲು. ಚೈತ್ರ ವೈಶಾಖಗಳಲ್ಲಿ ನಮ್ಮ ಸೀಮೆಯಲ್ಲಿ ಆಲಿಕಲ್ಲು ಬಿದ್ದು ಅರ್ಧ ಗಳಿಗೆ ನೆಲ ಬೆಳ್ಳಗಾಗುವುದನ್ನು ಕಾಣದ ರೈತನಿಲ್ಲ. ಆದರೂ ಭಯ ಹುಟ್ಟಿದ ಮೇಲೆ ಕಂಡದ್ದೂ ಮರೆತುಹೋಗುತ್ತದೆ.

ಇದರ ಪರಿಣಾಮವಾಗಿ ನಡೆದ ಮೂರು ಸಂಗತಿಗಳು ನನ್ನ ತಿರುಗಾಟದಲ್ಲಿ ಕಣ್ಣಿಗೆ ಬಿದ್ದುವು. ತರೀಕೆರೆಯ ಕಡೆಯ ತೋಟದವರೊಬ್ಬರು, ಬೇಯಿಸಿ ಅಂಗಳದಲ್ಲಿ ಹರಡಿದ್ದ ಅಡಕೆಯನ್ನು ಇನ್ನೂ ಅರೆ ಒಣಗಿರುವಾಗಲೇ ಬಾಚಿ ಚೀಲಗಳಿಗೆ ತುಂಬಿ ಕೋಣೆಯಲ್ಲಿ ಒಟ್ಟಿದರು. ಹತ್ತು ದಿವಸಗಳ ಮೇಲೆ ಬಿಚ್ಚಿ ನೋಡಿದರೆ ಬೂಷ್ಟು ಹಿಡಿದಿತ್ತು, ಮಂಡಿಯಲ್ಲಿ ಅದಕ್ಕೆ ಬಂದ ಬೆಲೆಯನ್ನು ಅವರೇ ಹೇಳಲು ನಾಚಿದರು. ಕಡೂರಿನ ಖುಷ್ಕಿ ಜಮೀನೊಂದರಲ್ಲಿ ರಾಗಿಯ ಅಕ್ಕಡಿ ಸಾಲಿನ ಅವರೆಯನ್ನು ಕಾಳು ತುಂಬುವುದಕ್ಕೆ ಮುಂಚೆಯೇ ಕಿತ್ತು ಸಂತೆಗೆ ಹಾಕಿದರು. ನೆರೆಹೊರೆಯವರೂ ಅದನ್ನೇ ಮಾಡಿದ್ದುದರಿಂದ ಕೊಳ್ಳುವವರಿಲ್ಲದೆ ಹೋಯಿತು. ಮೂರನೆಯದನ್ನು ಹೇಳುವಾಗ ನನಗೆ ನಗುವೂ ಬರುತ್ತದೆ, ಸಂಕಟವೂ ಆಗುತ್ತದೆ. ಅಜ್ಜಂಪುರದ ಎರೆಭೂಮಿಯಲ್ಲಿ ಕಾಯಿಕಟ್ಟುತ್ತಿದ್ದ ಕಡಲೆಗೆ ಒಬ್ಬರು "ಚಳಿಯ ಔಷಧಿ" ಎಂದು ಅಂಗಡಿಯಲ್ಲಿ ಕೊಟ್ಟ ಯಾವುದೋ ಸೀಸೆಯನ್ನು ತಂದು ಸಿಂಪಡಿಸಿದ್ದರು. ಕಡಲೆಯಾದರೋ ಚಳಿಯನ್ನು ಬಯಸಿ ಬೆಳೆಯುವ ಫಸಲು. ಹಗಲು ರಾತ್ರಿಗಳ ಸರಾಸರಿ ಶಾಖ 15 ಡಿಗ್ರಿ ಸೆಂಟಿಗ್ರೇಡಿಗಿಂತ ಕೆಳಗಿಳಿದರೆ ಮಾತ್ರ ಅದರ ಹೂ ನಿಲ್ಲದೆ ಉದುರುವುದು. ರಾತ್ರಿ ಎಷ್ಟು ಕೊರೆದರೂ ಹಗಲು ಬಿಸಿಲು ಕಾಯುವ ನಮ್ಮ ಮೈದಾನದಲ್ಲಿ ಸರಾಸರಿ ಅಲ್ಲಿಗೆ ಇಳಿಯುವುದಿಲ್ಲ.

ಆ ವಾರ ಆದುದೇನು? ಸೋಮವಾರದಿಂದ ಮೂರು ರಾತ್ರಿಗಳು ನಿಜವಾಗಿಯೂ ಕೊರೆದುವು. ನಾಲ್ಕನೆಯ ದಿನ ಬಂಗಾಳದ ಉಪಸಾಗರದ ಕಡೆಯಿಂದ ತೆಳುಮೋಡಗಳು ಬಂದು ಕವಿದುವು. ಅಲ್ಲಿಂದ ಮುಂದಕ್ಕೆ ಹಗಲು ಸ್ವಲ್ಪ ತಣ್ಣಗೂ ರಾತ್ರಿ ಸಾಕಷ್ಟು ಬೆಚ್ಚಗೂ ಕಳೆದುವು. ಮಂಜು ಬೀಳಲಿಲ್ಲ. ಬಿದ್ದದ್ದು ಎಂದಿನ ಇಬ್ಬನಿ.

ಈ ಸಂಗತಿಗಳನ್ನು ಕೇಳಿದ ನಮ್ಮ ಕೆಲವು ಮಿತ್ರರು, ಇಂತಹ ಹವ್ಯಾಸಿಗಳ ಬಾಯಿಯನ್ನು ಮುಚ್ಚಿಸಬೇಕು, ಹಲಗೆಯನ್ನು ಅಳಿಸಿಬಿಡಬೇಕು ಎಂದರು. ನಾನು ಅದನ್ನು ಒಪ್ಪುವುದಿಲ್ಲ. ಏಕೆ ಒಪ್ಪುವುದಿಲ್ಲವೆಂಬುದನ್ನು ಗ್ರಾಮಗಳ ಮುಖಂಡರೂ ಜಮೀನುದಾರರೂ ಆದ ತಮ್ಮ ಮುಂದೆ, ಪಟೇಲಿಕೆ ರದ್ದಾಗಿ ಎಷ್ಟೋ ಕಾಲವಾದರೂ ಊರವರು ಇಂದಿಗೂ ಪಟೇಲರೆಂದೇ ಕರೆದು ಮಾತು ಕೇಳುವ ಮನೆತನದವರ ಮುಂದೆ, ಅರಿಕೆಮಾಡುವುದೇ ನನ್ನ ಉದ್ದೇಶ.

ಮೊದಲು ಮಂಜು ಎಂಬ ಶಬ್ದವನ್ನೇ ವಿಚಾರಿಸೋಣ. ನಮ್ಮ ಭಾಷೆಯಲ್ಲಿ ಈ ಒಂದು ಮಾತಿಗೆ ಕೆಲಸ ಬಹಳ. ಬೆಳಗಿನ ಹೊತ್ತು ಹಾದಿ ಕಾಣದಂತೆ ಕವಿಯುವುದೂ ಮಂಜು. ಹುಲ್ಲಿನ ತುದಿಯಲ್ಲಿ ಹನಿಗಟ್ಟುವುದನ್ನೂ ಹಲವರು ಮಂಜೆನ್ನುತ್ತಾರೆ. ಹಿಮಾಲಯದಲ್ಲಿ ಅರಳೆಯಂತೆ ಉದುರುವುದೂ ಮಂಜೇ. ಮೇಷ್ಟ್ರನ್ನು ವಿಚಾರಿಸಿದಾಗ, ಉತ್ತರ ದೇಶದಲ್ಲಿ ಹಿಮ ಬೀಳುವ ವರ್ತಮಾನವನ್ನು ಓದಿ, ಅಲ್ಲಿಂದ ಬೀಸುವ ಗಾಳಿ ಇಲ್ಲಿಗೂ ಚಳಿಯನ್ನು ತರುವುದೆಂದು ಎಣಿಸಿ ಬರೆದುದಾಗಿ ಒಪ್ಪಿಕೊಂಡರು. ಎಣಿಕೆಯ ಅರ್ಧಭಾಗ ಸರಿ. ಉತ್ತರದ ಒಣಗಾಳಿ ನಮ್ಮವರೆಗೆ ಬರುವುದುಂಟು, ಬಂದಾಗ ರಾತ್ರಿಗಳು ತಣ್ಣಗಾಗುವುದೂ ಉಂಟು. ಆದರೆ ಹಿಮವು ಗಾಳಿಯೊಡನೆ ಪ್ರಯಾಣಮಾಡತಕ್ಕ ವಸ್ತುವಲ್ಲ. ಕಡೂರು ಸಮುದ್ರಮಟ್ಟಕ್ಕೆ ಸುಮಾರು 2,500 ಅಡಿ ಎತ್ತರದಲ್ಲಿದೆ. ನಮ್ಮ ಪಡುವಣದ ಮುಳ್ಳಯ್ಯನಗಿರಿ 6,300 ಅಡಿಗೂ ಮೇಲಿದ್ದರೂ ಅಲ್ಲಿ ಹಿಮ ನಿಲ್ಲುವುದಿಲ್ಲ. ಭೂಮಧ್ಯರೇಖೆಗೆ ಸಮೀಪವಾದ ಸೀಮೆಯಲ್ಲಿ ಹಿಮವನ್ನು ಕಾಣಬೇಕಾದರೆ ಆಫ್ರಿಕದ ಕಿಲಿಮಂಜಾರೋವಿನಂತೆ 19,000 ಅಡಿಯ ಪರ್ವತ ಬೇಕು. ಕಡೂರಿಗಿಂತ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಲೆಕ್ಕಕ್ಕೆ ಬಂದಿರುವ ಅತ್ಯಂತ ಕೆಳಗಿನ ಶಾಖ 1884ನೆಯ ಜನವರಿ 13ರ 7.8 ಡಿಗ್ರಿ, ನೀರು ಗಟ್ಟಿಯಾಗುವ ಶೂನ್ಯಕ್ಕೂ ಅದಕ್ಕೂ ಬಹಳ ದೂರ. ಕನ್ನಡಕ್ಕೆ ಹತ್ತಿರದ ನುಡಿಯನ್ನಾಡುವ ಬಡಗರ ನೀಲಗಿರಿಯಲ್ಲಿ, 7,000 ಅಡಿಗೂ ಮೇಲಿರುವ ಉದಕಮಂಡಲದ ತಗ್ಗುಗಳಲ್ಲಿ, ಡಿಸೆಂಬರು ಜನವರಿಗಳಲ್ಲಿ ಇಬ್ಬನಿ ಹೆಪ್ಪುಗಟ್ಟಿ ಹುಲ್ಲು ಬೆಳ್ಳಗಾಗುವುದು ವಾಡಿಕೆ. ಅಲ್ಲಿ ಚಹಾ ಗಿಡದ ಚಿಗುರು ಸುಟ್ಟಂತಾಗುವುದರಿಂದ ಎಳೆಯ ಗಿಡಗಳಿಗೆ ಹುಲ್ಲು ಸೊಪ್ಪು ಹೊದಿಸುತ್ತಾರೆ. ಆ ಭಯ ಅವರಿಗೆ ಸಹಜ, ನಮಗೆ ಎರವಲು.

ಇನ್ನೊಂದು ಅಂಶ. ಕಡುಚಳಿಯೂ ದಟ್ಟಮಂಜೂ ಒಟ್ಟಿಗೆ ಬರುವುವೆಂದು ನಮ್ಮ ಜನ ತಿಳಿದಿದ್ದಾರೆ. ನಮ್ಮ ಮೈದಾನದಲ್ಲಿ ಹೆಚ್ಚಾಗಿ ನಡೆಯುವುದು ಬೇರೆ. ಸೂರ್ಯ ಮುಳುಗಿದ ಮೇಲೆ ನೆಲವು ಹಗಲು ಹೀರಿದ ಶಾಖವನ್ನು ಆಕಾಶಕ್ಕೆ ಬಿಡುತ್ತ ಹೋಗುತ್ತದೆ. ಆಕಾಶ ನಿರ್ಮಲವಾಗಿ, ಗಾಳಿ ಅಲುಗದೆ, ಹವೆ ಒಣಗಿದ್ದರೆ ಶಾಖವು ತಡೆಯಿಲ್ಲದೆ ಇಳಿಯುತ್ತದೆ. ಹವೆಯಲ್ಲಿ ತೇವವಿದ್ದರೆ ಸ್ವಲ್ಪ ತಣ್ಣಗಾಗುತ್ತಲೇ ಆ ತೇವ ಇಬ್ಬನಿಯಾಗಿ ಇಳಿಯತೊಡಗಿ, ಹಾಗೆ ಇಳಿಯುವಾಗ ತನ್ನೊಳಗಿನ ಶಾಖವನ್ನು ಬಿಟ್ಟುಕೊಡುವುದರಿಂದ ಚಳಿಯ ಇಳಿತ ನಿಧಾನವಾಗುತ್ತದೆ. ಆದುದರಿಂದ ಇಬ್ಬನಿ ಸುರಿದ ರಾತ್ರಿ ಮೈಗೆ ಹೆಚ್ಚು ಚಳಿಯೆನಿಸಿದರೂ ಉಷ್ಣಮಾಪಕದಲ್ಲಿ ಹೆಚ್ಚು ಕೆಳಗಿಳಿಯುವುದು ಒಣ ರಾತ್ರಿಯೇ. ಚಳಿಯ ಗಾಳಿ ಭಾರವಾದುದರಿಂದ ನೀರಿನಂತೆ ತಗ್ಗಿಗೆ ಹರಿದು ನಿಲ್ಲುತ್ತದೆ. ಕೆರೆಯ ಅಂಗಳದ ಜಮೀನಿಗೂ ಅದರ ಪಕ್ಕದ ದಿಣ್ಣೆಗೂ ಒಂದೇ ಮುಂಜಾನೆಯಲ್ಲಿ ಎರಡು ಮೂರು ಡಿಗ್ರಿಗಳ ವ್ಯತ್ಯಾಸವಿರಬಹುದು. ಕುರಿಗಾಹಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಆ ವಾರವೇ ನಮ್ಮಲ್ಲಿ ಒಬ್ಬ ಕುರುಬರ ಯಜಮಾನನು ಎಳೆಮರಿಗಳ ಹಟ್ಟಿಯನ್ನು ಕೆರೆಯಂಗಳದಿಂದ ದಿಣ್ಣೆಗೆ ಏರಿಸಿ, ಕಾಸು ಖರ್ಚಿಲ್ಲದೆ ನಿಶ್ಚಿಂತನಾದನು. ಮೇಷ್ಟ್ರ ಹಲಗೆಯಿಂದ ಲಾಭ ಪಡೆದವನು ನಾನು ಕಂಡಂತೆ ಅವನೊಬ್ಬನೇ.

ಇಲ್ಲಿಯೇ ಹವ್ಯಾಸಿಯ ಪ್ರಯೋಜನ ಕಾಣುವುದು. ನಮ್ಮ ಜಿಲ್ಲೆಯೆಂದರೆ ಒಂದೇ ಹವೆಯ ನಾಡಲ್ಲ. ಶೃಂಗೇರಿಯಲ್ಲಿ ವರ್ಷಕ್ಕೆ ಸುಮಾರು 150 ಅಂಗುಲ ಮಳೆ. ಕಡೂರಿನಲ್ಲಿ 25ರ ಆಸುಪಾಸು. ಇವೆರಡನ್ನೂ ಒಂದೇ ಹೆಸರಿನಡಿಯಲ್ಲಿ ಸೇರಿಸಿ "ಜಿಲ್ಲೆಯಲ್ಲಿ ಒಣಹವೆ" ಎಂದು ಬರೆದ ಮುನ್ಸೂಚನೆಯನ್ನು ಯಗಟಿಯ ರೈತನು ಯಾವ ಹೊಲಕ್ಕೆಂದು ಅನ್ವಯಿಸಿಕೊಳ್ಳಬೇಕು? ಭಾರತದ ಹವಾಮಾನ ಇಲಾಖೆ 1875ರಲ್ಲಿ ಹುಟ್ಟಿತು. ಮೈಸೂರು ಸಂಸ್ಥಾನದಲ್ಲಿ 1890ರ ದಶಕದಲ್ಲಿ, ಸೆಂಟ್ರಲ್ ಕಾಲೇಜಿನ ಜಾನ್ ಕುಕ್ ಎಂಬವರ ಮೇಲ್ವಿಚಾರಣೆಯಲ್ಲಿ ಬೆಂಗಳೂರು, ಮೈಸೂರು, ಹಾಸನ, ಚಿತ್ರದುರ್ಗಗಳಲ್ಲಿ ಹವಾ ನಿರೀಕ್ಷಣೆಯ ಕೇಂದ್ರಗಳು ಏರ್ಪಟ್ಟುವು. ಕಡೂರು ಹಾಸನಕ್ಕೂ ಚಿತ್ರದುರ್ಗಕ್ಕೂ ನಡುವೆ ಬಿದ್ದುಹೋಯಿತು. ಈಗ ಪರಿಸ್ಥಿತಿ ಸುಧಾರಿಸಿದೆ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಗ್ರಾಮ ಪಂಚಾಯಿತಿಗಳಲ್ಲಿ ತಾವಾಗಿ ವರದಿ ಕಳುಹಿಸುವ ಮಳೆಮಾಪಕಗಳನ್ನು ಹಾಕಿದ್ದಾರೆ. ರೈತರಿಗಾಗಿಯೇ ಸಿದ್ಧಪಡಿಸುವ ಹವಾ ಸಲಹೆಗಳು ಮಂಗಳವಾರ ಶುಕ್ರವಾರಗಳಂದು ಹೊರಡುತ್ತವೆ. ಇವು ಬಹು ಉಪಯುಕ್ತವಾದುವು; ಐದು ದಿವಸಗಳ ಮಟ್ಟಿಗೆ ಇವನ್ನು ಮೊದಲು ನೋಡದೆ ಇನ್ನಾರ ಮಾತನ್ನೂ ಕೇಳಬಾರದು. ಆದರೂ ನಿಮ್ಮ ಕೆರೆಯಂಗಳದಲ್ಲಿ ನಸುಕಿಗೆ ಎಷ್ಟು ಡಿಗ್ರಿಯೆಂಬುದನ್ನು ಬೆಂಗಳೂರಿನ ಯಂತ್ರ ಹೇಳಲಾರದು. ಅದನ್ನು ಹೇಳತಕ್ಕವನು ಅಲ್ಲಿಯೇ ಎದ್ದು ನೋಡುವ ಮನುಷ್ಯ.

ಹವ್ಯಾಸಿಗಳೆಂದು ಹೀಗಳೆಯುವವರಿಗೆ ಒಂದು ಮಾತು. ಮೋಡಗಳಿಗೆ ಇಂದು ಲೋಕವೆಲ್ಲ ಬಳಸುವ ಹೆಸರುಗಳನ್ನು 1802ರಲ್ಲಿ ಸೂಚಿಸಿದ ಲ್ಯೂಕ್ ಹೋವರ್ಡ್ ಲಂಡನ್ನಿನ ಔಷಧಿ ವ್ಯಾಪಾರಿ. ಅಮೆರಿಕದಲ್ಲಿ 1890ರಿಂದ ಸಾವಿರಾರು ಮಂದಿ ರೈತರೂ ಗೃಹಸ್ಥರೂ ಸಂಬಳವಿಲ್ಲದೆ ದಿನಂಪ್ರತಿ ಮಳೆ ಚಳಿಗಳನ್ನು ಅಳೆದು ಸರ್ಕಾರಕ್ಕೆ ಒಪ್ಪಿಸುತ್ತಾರೆ. ನಮ್ಮ ಸುಳ್ಯ ಸೀಮೆಯಲ್ಲಿಯೂ ದಶಕಗಳಿಂದ ತಮ್ಮ ಅಡಕೆ ತೋಟದ ಮಳೆಯ ಲೆಕ್ಕವನ್ನು ಬಿಡದೆ ಬರೆದಿಟ್ಟವರಿದ್ದಾರೆ. ಇನ್ನು ಪಗಾರ ಪಡೆಯುವವರ ಮುನ್ಸೂಚನೆಯಾದರೂ ಹುಟ್ಟಿದಂದೇ ಗೌರವ ಪಡೆಯಲಿಲ್ಲ. ಇಂಗ್ಲೆಂಡಿನಲ್ಲಿ 1861ರಿಂದ ಪತ್ರಿಕೆಯಲ್ಲಿ ಹವೆಯ ಮುನ್ಸೂಚನೆಯನ್ನು ಪ್ರಕಟಿಸಿದ ನೌಕಾಧಿಕಾರಿ ಫಿಟ್ಜ್‌ರಾಯ್ ಬಹಳ ಅಪಹಾಸ್ಯಕ್ಕೆ ಗುರಿಯಾದನು. ಅವನು ತೀರಿಕೊಂಡ ಮರುವರ್ಷ, 1866ರಲ್ಲಿ, ವಿದ್ವಾಂಸರ ಸಮಿತಿಯ ಅಭಿಪ್ರಾಯದ ಮೇಲೆ ಅದನ್ನು ನಿಲ್ಲಿಸಿಬಿಟ್ಟರು. ಬಿರುಗಾಳಿಯ ಎಚ್ಚರಿಕೆಯನ್ನಾದರೂ ಮತ್ತೆ ಕೊಡಿರೆಂದು ಕೇಳಿದವರು ವಿದ್ವಾಂಸರಲ್ಲ, ಕಡಲಿಗೆ ಹೋಗುವವರು.

ಹಾಗೆಂದ ಮಾತ್ರಕ್ಕೆ ಲೆಕ್ಕವಿಲ್ಲದ ಮುನ್ಸೂಚನೆಯನ್ನು ಒಪ್ಪತಕ್ಕದ್ದಲ್ಲ. ನಾನು ಮೇಷ್ಟ್ರ ಮನೆಗೆ ಹೋದೆನು. ಅವರು ಹಜಾರದಲ್ಲಿ ಕುಳ್ಳಿರಿಸಿ ಕಾಫಿ ಕೊಟ್ಟು, "ಸ್ವಾಮಿ, ನನ್ನ ಮಾತು ಹತ್ತಕ್ಕೆ ಎಂಟು ಸಲ ನಿಜವಾಗಿದೆ" ಎಂದರು. "ಬರೆದಿಟ್ಟಿದ್ದೀರಾ ಮೇಷ್ಟ್ರೇ?" ಎಂದು ಕೇಳಿದೆನು. ದಿನಚರಿಯ ಪುಸ್ತಕಗಳನ್ನು ತಂದರು. ಮಳೆಯ ಲೆಕ್ಕ ಅಚ್ಚುಕಟ್ಟಾಗಿತ್ತು, ನೋಡಿ ಸಂತೋಷಪಟ್ಟೆನು. ಆದರೆ ಮುನ್ಸೂಚನೆಗಳಲ್ಲಿ ನಿಜವಾದುವನ್ನು ಕೆಂಪು ಶಾಯಿಯಲ್ಲಿ ಬರೆದಿದ್ದರೇ ಹೊರತು ಸುಳ್ಳಾದುವನ್ನು ಬರೆದೇ ಇರಲಿಲ್ಲ. ಮೋಸಮಾಡುವ ಉದ್ದೇಶ ಅವರಿಗಿರಲಿಲ್ಲ. ಆದುದು ನೆನಪಿರುವುದು, ಆಗದುದು ಮರೆತುಹೋಗುವುದು ಮನುಷ್ಯಸ್ವಭಾವ.

ಉಷ್ಣಮಾಪಕವೆಲ್ಲಿ ಎಂದು ಕೇಳಲು, ಪಡಸಾಲೆಯ ಗೋಡೆಯ ಮೊಳೆಯನ್ನು ತೋರಿಸಿದರು. ಗೋಡೆಯ ಆ ಮಗ್ಗುಲಲ್ಲಿ ದನದ ಕೊಟ್ಟಿಗೆ. ಆರು ರಾಸುಗಳ ಉಸಿರಿನ ಬಿಸಿಯನ್ನೂ ಹಗಲೆಲ್ಲ ಕಾದ ಮಣ್ಣಿನ ಗೋಡೆಯ ಬಿಸಿಯನ್ನೂ ಸೇರಿಸಿ ಅಳೆದುದನ್ನು ಊರಿನ ಹವೆಯೆನ್ನಲಾದೀತೆ? ಉಷ್ಣಮಾಪಕವನ್ನು ಬಯಲಿನಲ್ಲಿ, ನೆಲದಿಂದ ನಾಲ್ಕಡಿ ಎತ್ತರದಲ್ಲಿ, ಬಿಸಿಲು ತಾಕದೆ ಗಾಳಿ ಆಡುವಂತೆ ಪಟ್ಟಿಗಳ ಸಂದುಬಿಟ್ಟು ಮಾಡಿ ಬಿಳಿಯ ಬಣ್ಣ ಬಳಿದ ಪೆಟ್ಟಿಗೆಯೊಳಗೆ ಇಡತಕ್ಕದ್ದು. ರಾತ್ರಿಯ ಅತ್ಯಂತ ಕೆಳಗಿನ ಶಾಖವನ್ನು ತಾನೇ ಗುರುತಿಸಿಡುವ ಉಷ್ಣಮಾಪಕವಿದ್ದರೆ ನಸುಕಿಗೆ ಏಳಬೇಕಾಗಿಯೂ ಇಲ್ಲ. ಊರಿನ ಬಡಗಿ ಒಂದು ದಿವಸದಲ್ಲಿ ಆ ಪೆಟ್ಟಿಗೆಯನ್ನು ಮಾಡಿಕೊಟ್ಟಾನು.

"ಹತ್ತಕ್ಕೆ ಎಂಟು" ಎಂಬ ಮಾತನ್ನೂ ಪರೀಕ್ಷಿಸಬೇಕು. ಅಮೆರಿಕದಲ್ಲಿ 1884ರಲ್ಲಿ ಫಿನ್ಲೆ ಎಂಬ ಸೈನ್ಯಾಧಿಕಾರಿ ಸುಂಟರಗಾಳಿಯ ಬಗ್ಗೆ 2,803 ಮುನ್ಸೂಚನೆಗಳನ್ನು ಕೊಟ್ಟು, ನೂರಕ್ಕೆ 96ಕ್ಕೂ ಹೆಚ್ಚು ಸರಿಯಾದುವೆಂದು ಪ್ರಕಟಿಸಿದನು. ಲೆಕ್ಕ ಬಲ್ಲವರು ಅದನ್ನು ಬಿಡಿಸಿ ನೋಡಿದರು. ಸುಂಟರಗಾಳಿ ಬರುವುದೆಂದು ಹೇಳಿ ಬಂದದ್ದು 28 ಸಲ. ಬರುವುದೆಂದು ಹೇಳಿ ಬಾರದಿದ್ದುದು 72 ಸಲ. ಉಳಿದ ಯಶಸ್ಸೆಲ್ಲ "ಬರುವುದಿಲ್ಲ" ಎಂದುದರಿಂದ ದೊರೆತುದು. ದಿನವೂ ಕಣ್ಣು ಮುಚ್ಚಿಕೊಂಡು "ಬರುವುದಿಲ್ಲ" ಎಂದಿದ್ದರೆ ನೂರಕ್ಕೆ 98 ಸರಿಯಾಗುತ್ತಿತ್ತು! ಹಾಗೆಯೇ ಪುಷ್ಯಮಾಸದಲ್ಲಿ "ನಾಳೆ ಚಳಿ" ಎನ್ನುವವನು ತಪ್ಪುವುದು ಅಪರೂಪ. "ನಾಳೆಯೂ ಇಂದಿನಂತೆಯೇ" ಎಂದು ಹೇಳುವ ಮಗುವಿಗಿಂತ ಎಷ್ಟು ಸಲ ಹೆಚ್ಚು ಸರಿಯಾಗಿ ಹೇಳಿದನೆಂಬುದೇ ಹವ್ಯಾಸಿಗೆ ಒರೆಗಲ್ಲು. ಮುಖ್ಯವಾಗಿ, ಆ ನಾಲ್ಕನೆಯ ದಿನದ ಮೋಡವನ್ನು ಮುಂಚೆಯೇ ಕಂಡನೆ ಎಂಬುದನ್ನು ಕೇಳಬೇಕು.

ಇಷ್ಟಾದರೂ ಮುನ್ಸೂಚನೆ ತಪ್ಪುವುದು ತಪ್ಪದು. ಆದುದರಿಂದ ಜಮೀನುದಾರನು ಹೇಳಿದವನ ಯೋಗ್ಯತೆಯನ್ನು ಮಾತ್ರವಲ್ಲದೆ, ತಾನು ಮಾಡಹೊರಟ ಕೆಲಸದ ಖರ್ಚನ್ನೂ ತೂಗಿ ನೋಡಬೇಕು. ನನ್ನ ಅಭಿಪ್ರಾಯದ ತಿರುಳು ಇದೇ. ಅಂಗಳದ ಅಡಕೆಯನ್ನು ಸಂಜೆ ಒಟ್ಟುಮಾಡಿ ಟಾರ್ಪಾಲು ಹೊದಿಸಿ, ಬಿಸಿಲೇರಿದ ಮೇಲೆ ಮತ್ತೆ ಹರಡುವುದಕ್ಕೆ ಇಬ್ಬರು ಆಳುಗಳ ಒಂದು ಗಳಿಗೆ ಸಾಕು. ಇಬ್ಬನಿ ಬೀಳದಿದ್ದರೂ ನಷ್ಟವಿಲ್ಲ. ಇಂತಹುದನ್ನು ಮೇಷ್ಟ್ರ ಮಾತಿನ ಮೇಲೆಯೇ ಮಾಡಬಹುದು, ಯಾರೂ ಹೇಳದಿದ್ದರೂ ಮಾಡಬಹುದು. ಕರುಗಳನ್ನೂ ಮರಿಗಳನ್ನೂ ತಗ್ಗಿನಿಂದ ಮೇಲಕ್ಕೆ ಸಾಗಿಸುವುದು, ಕೊಟ್ಟಿಗೆಯ ಬಡಗಣ ಮಗ್ಗುಲಿಗೆ ತಟ್ಟಿ ಕಟ್ಟುವುದು, ಕಣದಲ್ಲಿರುವ ರಾಗಿಯ ಮೆದೆಯ ತಲೆಯನ್ನು ಸರಿಪಡಿಸುವುದು, ತರಕಾರಿಯ ಒಟ್ಟಲುಪಾತಿಗೆ ರಾತ್ರಿ ಹುಲ್ಲು ಹೊದಿಸುವುದು, ಇವೂ ಹಾಗೆಯೇ. ಆದರೆ ಬೆಳೆಯನ್ನು ಬಲಿಯುವುದಕ್ಕೆ ಮುಂಚೆ ಕೀಳುವುದು, ಅರೆ ಒಣಗಿದ ಮಾಲನ್ನು ಚೀಲ ತುಂಬುವುದು, ಔಷಧಿ ಕೊಳ್ಳುವುದು, ಇವು ಒಮ್ಮೆ ಮಾಡಿದರೆ ಹಿಂತೆಗೆಯಲಾಗದ ಕೆಲಸಗಳು. ಇವನ್ನು ಹಲಗೆಯ ಮಾತಿನ ಮೇಲೆ ಮಾಡಕೂಡದು. ಇಲಾಖೆಯ ಮುನ್ಸೂಚನೆಯೂ ಅದನ್ನೇ ಹೇಳುತ್ತಿದೆಯೆ, ಆ ಫಸಲಿಗೆ ಆ ಚಳಿಯಿಂದ ನಿಜವಾಗಿ ಹಾನಿಯುಂಟೆ ಎಂದು ವಿಚಾರಿಸಿಯೇ ಮಾಡತಕ್ಕದ್ದು.

ಔಷಧಿಯ ವಿಷಯದಲ್ಲಿ ಒಂದು ವಿವರಣೆ ಅಗತ್ಯ. ಚಳಿಗಿಂತ ನಾವು ಅಂಜಬೇಕಾದುದು, ಮೋಡ ಕವಿದು ಎಲೆಗಳ ಮೇಲಿನ ತೇವ ಹೊತ್ತೇರಿದರೂ ಆರದಿರುವ ದಿನಗಳಿಗೆ. ಆಲೂಗೆಡ್ಡೆಗೂ ಟೊಮೇಟೊಗೂ ಅಂಗಮಾರಿ ತಗಲುವುದು ಅಂತಹ ತಂಪು ತೇವದ ಹವೆಯಲ್ಲಿ. ಮೇಷ್ಟ್ರು "ಮಂಜು" ಎಂದು ಬರೆಯುವ ಬದಲು "ಬೆಳಗ್ಗೆ ಹತ್ತರವರೆಗೆ ಎಲೆ ಆರಲಾರದು" ಎಂದು ಬರೆದಿದ್ದರೆ ನಾಲ್ಕು ಮಂದಿ ತೋಟದವರಿಗೆ ಅದರಿಂದ ಉಪಕಾರವಾಗುತ್ತಿತ್ತು. ಎರೆಭೂಮಿಯ ಹಿಂಗಾರಿ ಜೋಳಕ್ಕೂ ಸೊಗಡಿನ ಅವರೆಗೂ ಇಬ್ಬನಿ ಶತ್ರುವಲ್ಲವೆಂಬುದು ತಮಗೆ ನನಗಿಂತ ಚೆನ್ನಾಗಿ ಗೊತ್ತು.

ಗ್ರಾಮದ ಮುಖಂಡರಲ್ಲಿ ನನ್ನ ಬಿನ್ನಹವಿಷ್ಟು. ತಮ್ಮ ಊರಿನಲ್ಲಿ ಇಂತಹ ಒಬ್ಬ ಮೇಷ್ಟ್ರಿದ್ದರೆ ಅವರನ್ನು ಓಡಿಸಬೇಡಿರಿ, ಪೂಜಿಸಲೂ ಬೇಡಿರಿ. ಪಂಚಾಯಿತಿಯ ಇಲ್ಲವೆ ಸಂಘದ ಖರ್ಚಿನಲ್ಲಿ ಅವರಿಗೊಂದು ಒಳ್ಳೆಯ ಉಷ್ಣಮಾಪಕವನ್ನೂ ಪೆಟ್ಟಿಗೆಯನ್ನೂ ಕೊಡಿಸಿರಿ. ಹಲಗೆಯನ್ನು ಎರಡು ಭಾಗ ಮಾಡಿಸಿ, ಎಡಕ್ಕೆ ಮುಂದಿನ ವಾರಕ್ಕೆ ಹೇಳಿದುದನ್ನೂ ಬಲಕ್ಕೆ ಕಳೆದ ವಾರ ಹೇಳಿದುದೇನು, ಆದುದೇನು ಎಂಬುದನ್ನೂ ಬರೆಯಿಸಿರಿ. ತಪ್ಪನ್ನು ಊರ ಮುಂದೆ ಬರೆಯುವವನು ಮುಂದಿನ ಸಲ ಮಾತನ್ನು ಅಳೆದು ಆಡುತ್ತಾನೆ. ಓದುವವನೂ ಎಷ್ಟು ನಂಬಬೇಕೋ ಅಷ್ಟೇ ನಂಬುತ್ತಾನೆ. ಹಲಗೆಯ ಕೆಳಗೆ ಬರೆದವರ ಹೆಸರೂ ತಾರೀಖೂ ಇರಲಿ. ಹೆಸರಿಲ್ಲದೆ ಮೊಬೈಲಿನಲ್ಲಿ ಬಂದ ಹವೆಯ ಸುದ್ದಿಯನ್ನು, ಚಿತ್ರವೆಷ್ಟು ಚೆನ್ನಾಗಿದ್ದರೂ, ಮುಂದಕ್ಕೆ ಕಳುಹಿಸಬೇಡಿರೆಂದು ಮನೆಯ ಹುಡುಗರಿಗೆ ತಾಕೀತುಮಾಡಿರಿ.

ನಾನು ಈ ಮಾತನ್ನು ಮೇಷ್ಟ್ರ ಮುಂದೆ ಆಡಿದಾಗ ಅವರ ಮುಖ ಸ್ವಲ್ಪ ಚಿಕ್ಕದಾಯಿತು. ಅನಂತರ ಒಂದು ತಿಂಗಳು ಹಲಗೆ ಖಾಲಿಯಾಗಿಯೇ ಇತ್ತು. ಕೆಲಸ ಕೆಡಿಸಿದೆನೆಂದು ನನಗೂ ಪೇಚಾಟವಾಯಿತು. ಶಿವರಾತ್ರಿಯ ಹಿಂದಿನ ವಾರ ಅದೇ ಹಾದಿಯಲ್ಲಿ ಬರುವಾಗ ನೋಡುತ್ತೇನೆ, ಅವರ ಹಿತ್ತಲಿನ ಬಯಲಿನಲ್ಲಿ ನಾಲ್ಕು ಕಾಲಿನ ಮೇಲೆ ಬಿಳಿಯ ಪೆಟ್ಟಿಗೆಯೊಂದು ನಿಂತಿದೆ. ಸಂಘದ ಜಗುಲಿಯ ಹಲಗೆಗೆ ನಡುವೆ ಗೆರೆ ಬಿದ್ದಿತ್ತು. ಎಡಗಡೆ, "ಮೂರು ದಿವಸ ರಾತ್ರಿ ಚಳಿ ಇಳಿಮುಖ, ಅನಂತರದ್ದು ಹೇಳಲಾರೆ" ಎಂದಿತ್ತು. ಬಲಗಡೆ, "ಕಳೆದ ವಾರ: ಏಳರಲ್ಲಿ ನಾಲ್ಕು ಸರಿ, ಮೂರು ತಪ್ಪು" ಎಂದು ಅದೇ ದಪ್ಪ ಅಕ್ಷರಗಳಲ್ಲಿ ಬರೆದು ಸಹಿ ಹಾಕಿದ್ದರು.